ದನಿ ಮಾತ್ರ ಗೊತ್ತಿದ್ದ ಗೆಳೆಯ ಸೈಲೆಂಟ್ ಕೀ ಆದಾಗ

ಪ್ರಶ್ನೆ: ನಾನು ಶಿವಮೊಗ್ಗದ ಹ್ಯಾಮ್, ಅಂದರೆ ಪರವಾನಗಿ ಇರುವ ಹವ್ಯಾಸಿ ರೇಡಿಯೊದವ. ಪುತ್ತೂರು ಕಡೆಯ ಹಿರಿಯ ಹ್ಯಾಮ್ ಒಬ್ಬರ ಜತೆ ಹನ್ನೊಂದು ವರ್ಷದಿಂದ ಬೆಳಿಗ್ಗೆ ಏಳೂವರೆಗೆ 40 ಮೀಟರ್ ಬ್ಯಾಂಡಿನಲ್ಲಿ ಮಾತಾಡುತ್ತಿದ್ದೆ. ಮಿಕ್ಕ ಹೊತ್ತು ವಾಟ್ಸಾಪ್ ಗುಂಪಿನಲ್ಲಿ ಸಿಗುತ್ತಿದ್ದರು. ಮುಖ ನೋಡಿದ್ದು ಒಂದೇ ಸಲ. ಹೋದ ವಾರ ತೀರಿಕೊಂಡರು. ಅವರ ಮನೆಯಲ್ಲಿ ಯಾರಿಗೂ ನನ್ನ ಪರಿಚಯವಿಲ್ಲ. ಮಾತಾಡಿಸಲು ಹೋಗಬಹುದೇ? ನೆಟ್‌ನಲ್ಲಿ, ಅಂದರೆ ಹ್ಯಾಮ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿ ಸರದಿಯಲ್ಲಿ ಮಾತಾಡುವ ಕೂಟದಲ್ಲಿ, ಹೇಗೆ ಬೀಳ್ಕೊಡಬೇಕು? ಅವರ ಮಗಳು ‘ಅಪ್ಪನ ರೂಮಿನ ಸಾಮಾನು ಏನು ಮಾಡೋದು’ ಅಂತ ಗುಂಪಿನಲ್ಲಿ ಕೇಳಿದ್ದಾರೆ, ಯಾರೂ ಸರಿಯಾಗಿ ಉತ್ತರಿಸಿಲ್ಲ. ಒಂದೇ ಸಲ ಕಂಡವರಿಗಾಗಿ ನಾನು ಇಷ್ಟು ಕುಗ್ಗಿರುವುದು ಮನೆಯವರಿಗೆ ವಿಚಿತ್ರವಾಗಿ ಕಾಣುತ್ತಿದೆ.

ಉತ್ತರ: ಕೊನೆಯದನ್ನೇ ಮೊದಲು ನೋಡೋಣ. ವರ್ಷಕ್ಕೆ 300 ದಿನ, ದಿನಕ್ಕೆ ಹತ್ತು ನಿಮಿಷ ಎಂದಿಟ್ಟುಕೊಂಡರೂ ಹನ್ನೊಂದು ವರ್ಷಕ್ಕೆ 33,000 ನಿಮಿಷ, ಅಂದರೆ 550 ಗಂಟೆ. ನಿಮ್ಮ ಸೋದರಮಾವನ ಜತೆ ಅಷ್ಟು ಹೊತ್ತು ಕೂತು ಮಾತಾಡಿದ್ದೀರಾ? ಮುಖ ಕಂಡದ್ದು ಒಂದೇ ಸಲ ಇರಬಹುದು, ಒಡನಾಟ ಒಂದೇ ಸಲದ್ದಲ್ಲ. ನಮ್ಮ ಕಡೆ ದುಃಖಕ್ಕೂ ವಂಶಾವಳಿಯ ಲೆಕ್ಕ ಉಂಟು. ಇಪ್ಪತ್ತು ವರ್ಷ ಮಾತು ಬಿಟ್ಟ ದಾಯಾದಿಗೂ ಹತ್ತು ದಿನ ಸೂತಕ ಬರುತ್ತದೆ, ದಿನಾ ಮಾತಾಡಿದ ನಿಮಗೆ ಒಂದು ಸ್ನಾನವೂ ಇಲ್ಲ. ಆಫೀಸಿನಲ್ಲಿ ರಜೆ ಕೇಳುವಂತಿಲ್ಲ, ಕೇಳಿದರೂ ‘ಏನಾಗಬೇಕು ಅವರು ನಿಮಗೆ’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲೇ ಈ ಬಗೆಯ ದುಃಖದ ಬಗ್ಗೆ ಪುಸ್ತಕ ತಂದರು. ಸಮಾಜ ಹಕ್ಕು ಕೊಡದ ದುಃಖ ಅದು. ಕಡಿಮೆ ದುಃಖ ಎಂದಲ್ಲ, ಬೇರೆಯವರ ಕಣ್ಣಿಗೆ ಕಾಣದ್ದು, ಹಾಗಾಗಿ ಇಳಿಯಲು ಹೆಚ್ಚು ಹೊತ್ತು ಹಿಡಿಯುವಂಥದ್ದು.

ಅದೃಷ್ಟಕ್ಕೆ, ಕಾಣದ ಗೆಳೆಯರಿಗಾಗಿ ಅಳುವುದನ್ನು ಹ್ಯಾಮ್‌ಗಳು ಬಹಳ ಹಿಂದೆಯೇ ಕಲಿತಿದ್ದಾರೆ. ಟೆಲಿಗ್ರಾಫ್ ಕಾಲದಿಂದಲೂ ಒಬ್ಬರ ಮುಖ ಒಬ್ಬರು ನೋಡದವರ ಸಂಘ ಇದು. ತೀರಿಕೊಂಡವರನ್ನು ‘ಸೈಲೆಂಟ್ ಕೀ’ ಎನ್ನುತ್ತೇವೆ, ಅಂದರೆ ಮೌನವಾದ ಮೋರ್ಸ್ ಕೀಲಿ. ಮೋರ್ಸ್‌ನಲ್ಲಿ ಮಾತುಕತೆ ಪೂರ್ತಿ ಮುಗಿಯಿತು ಎನ್ನಲು ನಡುವೆ ಬಿಡುವಿಲ್ಲದೆ ಬಾರಿಸುವ ‘ಎಸ್‌ಕೆ’ಗೂ, ಡಿ-ಡಿ-ಡಿ-ಡಾ-ಡಿ-ಡಾ, ಈ ಹೆಸರಿನ ಮೊದಲಕ್ಷರಗಳಿಗೂ ಹೊಂದಿಕೆಯಾಗಿಬಿಟ್ಟಿದೆ. ಅಮೆರಿಕದ ಹ್ಯಾಮ್ ಸಂಘಟನೆಯ ಮಾಸಪತ್ರಿಕೆಯಲ್ಲಿ ಸೈಲೆಂಟ್ ಕೀಗಳ ಪಟ್ಟಿಗೇ ಒಂದು ಅಂಕಣ ಇದೆ. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯಾದಾಗ ದೇಶ ಮಾಜಿ ಪ್ರಧಾನಿಯನ್ನು ಕಳೆದುಕೊಂಡಿತು, ಹ್ಯಾಮ್‌ಗಳು ವಿಯು2ಆರ್‌ಜಿಯನ್ನೂ ಕಳೆದುಕೊಂಡರು, ಅದು ಅವರ ಕಾಲ್‌ಸೈನ್, ಅಂದರೆ ಪರವಾನಗಿಯ ಜತೆ ಸಿಗುವ ಗುರುತಿನ ಹೆಸರು. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯಲ್ಲಿ ಹೋದ ಕಲ್ಪನಾ ಚಾವ್ಲಾ ಅವರಿಗೂ ಕೆಡಿ5ಇಎಸ್‌ಐ ಎಂಬ ಕಾಲ್‌ಸೈನ್ ಇತ್ತು.

ಹಾಗಾಗಿ ಬೀಳ್ಕೊಡುಗೆ ನಡೆಯಬೇಕಾದ ಜಾಗ ನೀವು ಭೇಟಿಯಾಗುತ್ತಿದ್ದ ಅದೇ ಫ್ರೀಕ್ವೆನ್ಸಿ. ಗುಂಪಿನಲ್ಲಿ ಬೀಳುವ ಇನ್ನೂರು ‘ಓಂ ಶಾಂತಿ’ ಅದಕ್ಕೆ ಬದಲಿಯಲ್ಲ.

ನೆಟ್‌ನಲ್ಲಿ ಕೊನೆಯ ಕರೆ

ಹೊತ್ತಿನ ಆಯ್ಕೆಯಲ್ಲೇ ಅರ್ಧ ಜನ ಎಡವುತ್ತಾರೆ. ‘ಎಲ್ಲರೂ ಕೆಲಸ ಮುಗಿಸಿ ಬರಲಿ’ ಎಂದು ರಾತ್ರಿ ಇಟ್ಟುಕೊಳ್ಳುತ್ತಾರೆ. ಕತ್ತಲು ಏರಿದಂತೆ 40 ಮೀಟರ್ ಬ್ಯಾಂಡಿನ 7 ಮೆಗಾಹರ್ಟ್ಸ್ ಅಲೆಗಳು ನೇರ ಮೇಲಿನಿಂದ ಹಿಂತಿರುಗುವುದು ಕ್ಷೀಣಿಸಿ, ಹತ್ತಿರದ ಊರುಗಳ ಮಧ್ಯೆಯೇ ಸ್ಕಿಪ್, ಅಂದರೆ ಅಲೆ ಹಾರಿಹೋಗಿ ಏನೂ ಕೇಳಿಸದ ಜಾಗ, ಬೀಳುತ್ತದೆ. ಪುತ್ತೂರು, ಹಾಸನ, ಶಿವಮೊಗ್ಗ ಒಬ್ಬರಿಗೊಬ್ಬರು ಕೇಳಿಸದೆ, ಎಲ್ಲೋ ದೂರದ ಸ್ಟೇಷನ್ ಕಿವಿಗೆ ಬಡಿಯುತ್ತದೆ. ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಇಟ್ಟುಕೊಳ್ಳಿ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಶನಿವಾರ-ಭಾನುವಾರಗಳಲ್ಲಿ ಅಂತಾರಾಷ್ಟ್ರೀಯ ಕಾಂಟೆಸ್ಟ್‌ಗಳ ಗದ್ದಲ ಇರುತ್ತದೆ, ಅವು ಬೇಡ. ಊರಿನ ರಿಪೀಟರ್‌ನಲ್ಲಿ, ಅಂದರೆ ಎತ್ತರದಲ್ಲಿ ಕೂತು ಮಾತನ್ನು ಮರುಪ್ರಸಾರ ಮಾಡುವ ಯಂತ್ರದಲ್ಲಿ, ನಡೆಸುವುದಾದರೆ ಸ್ಕಿಪ್ ಕಾಟ ಇಲ್ಲ. ಆದರೆ ಸಾಮಾನ್ಯವಾಗಿ ಮೂರು ನಿಮಿಷದ ಆಸುಪಾಸಿನಲ್ಲಿ ಟೈಮರ್ ಕಡಿದುಹಾಕುತ್ತದೆ, ಗಂಟಲು ಕಟ್ಟಿದವರು ಪಿಟಿಟಿಯನ್ನು, ಅಂದರೆ ಮಾತಾಡುವಾಗ ಒತ್ತುವ ಗುಂಡಿಯನ್ನು, ಒತ್ತಿಕೊಂಡೇ ಕೂತರೆ ರಿಪೀಟರ್ ಕೈಕೊಡುತ್ತದೆ.

ನೆಟ್ ಕಂಟ್ರೋಲ್ ಆಗುವವರು ತೀರಿಕೊಂಡವರಿಗೆ ತೀರಾ ಹತ್ತಿರದವರಾಗಿರಬಾರದು. ನಿಮಗೆ ಇದು ಕಹಿ ಎನಿಸಬಹುದು, ಆದರೆ ಆ ಕುರ್ಚಿಯಲ್ಲಿ ನೀವು ಕೂರಬೇಡಿ. ನಲವತ್ತೈದು ನಿಮಿಷ ಹೆಸರು ಕರೆಯುತ್ತ, ಬರೆದುಕೊಳ್ಳುತ್ತ, ಮಧ್ಯೆ ನುಗ್ಗುವವರನ್ನು ನಿಲ್ಲಿಸುವ ಕೆಲಸ ಅದು. ದನಿ ಗಟ್ಟಿ ಇರುವವರು, ಎಲ್ಲರ ಊರಿಗೂ ನಡುವೆ ಇರುವವರು ಮಾಡಲಿ. ಕರೆಂಟ್ ಹೋದರೆ ಹಿಡಿದುಕೊಳ್ಳಲು ಬೇರೆ ಊರಿನ ಇನ್ನೊಬ್ಬರು ಸಿದ್ಧರಿರಲಿ. ಮೂವತ್ತು ಸ್ಟೇಷನ್, ತಲಾ ಒಂದು ನಿಮಿಷದ ಮಾತು, ಕರೆದು ಬಿಡಲು ಅರ್ಧ ನಿಮಿಷ ಎಂದರೆ ನಲವತ್ತೈದು ನಿಮಿಷ ಆಯಿತು, ಅದಕ್ಕಿಂತ ಎಳೆದರೆ ಕೇಳುವವರು ಸೋಲುತ್ತಾರೆ. ಪ್ರತಿಯೊಬ್ಬರೂ ಕಾಲ್‌ಸೈನ್, ಹೆಸರು, ಊರು ಹೇಳಿ ಅವರ ಬಗ್ಗೆ ಒಂದೇ ಒಂದು ಸಂಗತಿ ಹೇಳಲಿ. ‘ತುಂಬಲಾರದ ನಷ್ಟ’ ಅಲ್ಲ, ‘ನನ್ನ ಮೊದಲ ಡೈಪೋಲ್ ಆಂಟೆನಾ ಎಷ್ಟು ಉದ್ದ ಇರಬೇಕು ಅಂತ ಹೇಳಿಕೊಟ್ಟಿದ್ದು ಅವರು’ ಎಂಬಂಥದ್ದು.

ಇಲ್ಲೊಂದು ಕಾನೂನಿನ ಮಾತು. ಅವರ ಹಳೆಯ ಧ್ವನಿಮುದ್ರಣವನ್ನೋ ಅವರಿಗೆ ಇಷ್ಟವಾದ ಭಜನೆಯನ್ನೋ ಗಾಳಿಗೆ ಬಿಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಹವ್ಯಾಸಿ ರೇಡಿಯೊ ನಿಯಮಗಳಲ್ಲಿ ಸಂಗೀತಕ್ಕೂ ಮುದ್ರಿಕೆಗಳ ಮರುಪ್ರಸಾರಕ್ಕೂ ಅವಕಾಶವಿಲ್ಲ, ಅವು ವಾಟ್ಸಾಪ್ ಗುಂಪಿನಲ್ಲಿ ಇರಲಿ. ಪರವಾನಗಿ ಇಲ್ಲದ ಮನೆಯವರ ಕೈಗೆ ಮೈಕ್ ಕೊಡುವುದೂ ಬೇಡ. ಅವರು ಕೇಳಿಸಿಕೊಳ್ಳಲಿ, ಅದೇ ಮುಖ್ಯ. ಮನೆಯ ಸಾದಾ ಶಾರ್ಟ್‌ವೇವ್ ರೇಡಿಯೊದಲ್ಲಿ ಹಾಕಿಕೊಳ್ಳಿ ಎಂದರೆ ಪ್ರಯೋಜನವಿಲ್ಲ. ನಾವು ಬಳಸುವ ಸೈಡ್‌ಬ್ಯಾಂಡ್ ಎಂಬ ಬಗೆಯ ಪ್ರಸಾರದ ಮಾತು ಅದರಲ್ಲಿ ಬಾತುಕೋಳಿ ಕೂಗಿದಂತೆ ಕೇಳುತ್ತದೆ. ನಿಮ್ಮ ರಿಗ್‌ನ, ಅಂದರೆ ರೇಡಿಯೊ ಸೆಟ್ಟಿನ, ಸ್ಪೀಕರ್ ಎದುರು ಫೋನ್ ಇಟ್ಟು ಮಗಳಿಗೆ ಕರೆ ಮಾಡಿ. ಫೋನ್ ಮೂರು ಅಡಿ ದೂರ ಇರಲಿ, ತೀರಾ ಹತ್ತಿರವಿಟ್ಟು ಟ್ರಾನ್ಸ್‌ಮಿಟ್ ಮಾಡಿದರೆ ಗೊರಗೊರ ಸದ್ದು ನುಗ್ಗುತ್ತದೆ.

ಎಲ್ಲರ ಮಾತು ಮುಗಿದ ಮೇಲೆ ನೆಟ್ ಕಂಟ್ರೋಲ್ ಅವರ ಕಾಲ್‌ಸೈನನ್ನು ಹತ್ತು ಸೆಕೆಂಡ್ ಅಂತರದಲ್ಲಿ ಮೂರು ಸಲ ಕರೆಯುತ್ತಾರೆ. ಆಮೇಲೆ ಒಂದು ನಿಮಿಷ ಯಾರೂ ಕೀ ಒತ್ತುವುದಿಲ್ಲ. ಸಭೆಯಲ್ಲಿ ಎದ್ದು ನಿಲ್ಲುವ ಮೌನದಂಥದ್ದಲ್ಲ ಇದು, ಇಲ್ಲಿ ಸ್ಪೀಕರಿನ ಸರಸರ ಸದ್ದು ಕೇಳುತ್ತಲೇ ಇರುತ್ತದೆ, ಉತ್ತರ ಬರಬೇಕಾದ ಜಾಗ ಖಾಲಿ ಇರುತ್ತದೆ. ಎಷ್ಟೋ ಜನ ಅಳುವುದು ಆಗಲೇ. ಕೊನೆಗೆ ಮೋರ್ಸ್‌ನಲ್ಲಿ ಅವರ ಕಾಲ್‌ಸೈನ್, ‘ಡಿಇ’, ಕಳಿಸುವವರ ಸ್ವಂತ ಕಾಲ್‌ಸೈನ್, 73, ಎಸ್‌ಕೆ. ‘ಡಿಇ’ ಎಂದರೆ ‘ಇಂದ’. ಅದರ ಮುಂದೆ ಬರುವುದು ಕಳಿಸುವವರ ಗುರುತು. ಭಾವುಕರಾಗಿ ‘ಡಿಇ’ ಮುಂದೆ ತೀರಿಕೊಂಡವರ ಕಾಲ್‌ಸೈನ್ ಹಾಕಿಬಿಟ್ಟರೆ ಅವರ ಹೆಸರಿನಲ್ಲಿ ನೀವು ಪ್ರಸಾರ ಮಾಡಿದಂತೆ, ಅದು ತಪ್ಪು. ಅವರದೇ ರಿಗ್‌ನಿಂದ ಅವರ ಕಾಲ್‌ಸೈನ್ ಬಳಸಿ ‘ಕೊನೆಯ ಪ್ರಸಾರ’ ಮಾಡುವ ಆಸೆಯೂ ಬೇಡ. ಪರವಾನಗಿ ಮನುಷ್ಯನಿಗೆ ಕೊಟ್ಟದ್ದು, ಮನೆಗಲ್ಲ.

ವೇಗ ನಿಮಿಷಕ್ಕೆ ಹನ್ನೆರಡು ಪದ ಸಾಕು, ಕಿವಿ ತುಕ್ಕು ಹಿಡಿದವರಿಗೂ ಅರ್ಥವಾಗುತ್ತದೆ. ಸೈಡ್‌ಬ್ಯಾಂಡ್‌ನಲ್ಲೇ ಇದ್ದು ಮೈಕಿನ ಎದುರು ಮೋರ್ಸ್ ಅಭ್ಯಾಸದ ಬಜರ್ ಹಿಡಿಯುವುದಾದರೆ, ಸದ್ದು ಕೇಳಿದಾಗ ತಾನಾಗಿ ಪ್ರಸಾರ ಶುರುಮಾಡುವ ವಾಕ್ಸ್ ಆಫ್ ಮಾಡಿ ಪಿಟಿಟಿ ಕೈಯಲ್ಲೇ ಒತ್ತಿಕೊಳ್ಳಿ. ವಾಕ್ಸ್ ಇದ್ದರೆ ಮೊದಲ ಒಂದೆರಡು ಚುಕ್ಕೆ ನುಂಗಿಹೋಗಿ ‘ಎಸ್‌ಕೆ’ ಇನ್ನೇನೋ ಆಗುತ್ತದೆ. ಇನ್ನು 73ರ ಬಗ್ಗೆ, ಶುಭ ಹಾರೈಕೆಯ ಈ ಹಳೆ ಸಂಕೇತವನ್ನು ಮೋರ್ಸ್‌ನಲ್ಲಿ ಕೇಳಿಸಿಕೊಳ್ಳಿ: ಡಾ-ಡಾ-ಡಿ-ಡಿ-ಡಿ, ಡಿ-ಡಿ-ಡಿ-ಡಾ-ಡಾ. ಆ ಕಡೆಯಿಂದ ಓದಿದರೂ ಈ ಕಡೆಯಿಂದ ಓದಿದರೂ ಒಂದೇ.

ನೆಟ್ ಕಂಟ್ರೋಲ್ ಬರೆದ ಪಟ್ಟಿ ಎಸೆಯಬೇಡಿ. ಕಾಲ್‌ಸೈನ್, ಹೆಸರು, ಊರು, ಆಡಿದ ಒಂದು ಸಾಲು ಇಷ್ಟನ್ನೂ ಕನ್ನಡದಲ್ಲಿ ಬೆರಳಚ್ಚು ಮಾಡಿಸಿ. ಹೊತ್ತನ್ನು ಹ್ಯಾಮ್‌ಗಳು ಬಳಸುವ ಅಂತಾರಾಷ್ಟ್ರೀಯ ಹೊತ್ತಾದ ಯುಟಿಸಿಯಲ್ಲಿ ಹಾಕಬೇಡಿ, ಮನೆಯವರಿಗೆ ಅದು ಅರ್ಥವಾಗದು, ಭಾರತದ ಗಡಿಯಾರದ ಹೊತ್ತು ಇರಲಿ. ಅಪ್ಪ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂತು ಮಾತಾಡುತ್ತಿದ್ದರು ಎಂದುಕೊಂಡಿದ್ದ ಮನೆಗೆ, ಆ ಕಡೆ ಮೂವತ್ತು ಜನ ಇದ್ದರು ಎಂಬುದಕ್ಕೆ ಇರುವ ಸಾಕ್ಷಿ ಅದೊಂದೇ.

ಮಾತಾಡಿಸಲು ಹೋಗಬಹುದೇ

ಹೋಗಬಹುದು, ಹೋಗಲೇಬೇಕು. ಹಾಗಂತ ಗುಂಪಿನ ಹನ್ನೆರಡು ಜನ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವುದಲ್ಲ. ಇಬ್ಬರು ಸಾಕು. ಮಗಳಿಗೆ ಒಂದು ಫೋನ್ ಮಾಡಿ, ಅನುಕೂಲದ ದಿನ ಕೇಳಿಕೊಂಡು ಹೋಗಿ. ನಿಮ್ಮ ಕಡೆ ತಿಥಿ, ವೈಕುಂಠ ಸಮಾರಾಧನೆ ಎನ್ನುವುದನ್ನು ಆ ಕಡೆ ಉತ್ತರಕ್ರಿಯೆ, ಬೊಜ್ಜ ಎನ್ನುತ್ತಾರೆ. ಕರೆದರೆ ಆ ದಿನವೂ ಹೋಗಿ, ಆದರೆ ಅವತ್ತು ಮನೆ ತುಂಬ ನೆಂಟರಿರುತ್ತಾರೆ, ನಿಮಗೂ ಅವರಿಗೂ ಮಾತು ಸಿಗುವುದಿಲ್ಲ. ಅದಕ್ಕೆ ಮುಂಚಿನ ಒಂದು ಮಧ್ಯಾಹ್ನ ಮೇಲು. ಅವರ ಜಾತಿ-ಮತದ ಪದ್ಧತಿ ಬೇರೆ ಇರಬಹುದು, ಹಾರ ತರಬೇಕೇ ಬೇಡವೇ ಎಂಬುದನ್ನೂ ಫೋನಿನಲ್ಲೇ ಕೇಳಿಬಿಡಿ.

ಬಾಗಿಲಲ್ಲಿ ಪರಿಚಯ ಹೇಳಿಕೊಳ್ಳುವಾಗ ಕಾಲ್‌ಸೈನ್ ಹೇಳಿದರೆ ಯಾರಿಗೂ ತಿಳಿಯದು. ಹೀಗೆ ಹೇಳಿ: ‘ಅಮ್ಮಾ, ನಾನು ಶಿವಮೊಗ್ಗದಿಂದ. ಯಜಮಾನರು ದಿನಾ ಬೆಳಿಗ್ಗೆ ಏಳೂವರೆಗೆ ರೇಡಿಯೊದಲ್ಲಿ ಮಾತಾಡ್ತಿದ್ರಲ್ಲ, ಆ ಕಡೆ ಇದ್ದವನು ನಾನು.’ ಇಷ್ಟೇ ಸಾಕು. ಹನ್ನೊಂದು ವರ್ಷ ಅಡುಗೆಮನೆಯವರೆಗೂ ಕೇಳಿಸುತ್ತಿದ್ದ ದನಿ ನಿಮ್ಮದು, ಮುಖ ತಿಳಿಯದಿದ್ದರೂ ದನಿಯ ಗುರುತು ಹತ್ತಿಯೇ ಹತ್ತುತ್ತದೆ. ಅವರು ಕಳಿಸಿದ್ದ ಕ್ಯೂಎಸ್‌ಎಲ್ ಕಾರ್ಡು, ಅಂದರೆ ರೇಡಿಯೊದಲ್ಲಿ ಮಾತಾಡಿದ್ದನ್ನು ದೃಢೀಕರಿಸುವ ಅಂಚೆ ಕಾರ್ಡು, ನಿಮ್ಮಲ್ಲಿದ್ದರೆ ಅದರ ಒಳ್ಳೆಯ ಪ್ರತಿ ತೆಗೆಸಿ ಒಯ್ಯಿರಿ, ಮೂಲ ನಿಮ್ಮಲ್ಲೇ ಇರಲಿ. ರೇಡಿಯೊ ಕೋಣೆ ತೋರಿಸಿದರೆ ನೋಡಿ, ಫೋಟೊ ತೆಗೆಯಬೇಡಿ. ಯಾವ ರಿಗ್, ಎಷ್ಟಕ್ಕೆ ಕೊಡುತ್ತೀರಿ ಎಂಬ ಮಾತು ಅವತ್ತು ಬಾಯಿಗೆ ಬರಲೇಬಾರದು. ಜತೆಗೆ ಬಂದವರು ಹೆಡ್‌ಫೋನ್ ಎತ್ತಿ ನೋಡುವ ಜಾತಿಯವರಾದರೆ ಅವರನ್ನು ಕರೆದೊಯ್ಯಲೇಬೇಡಿ. ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನಬಾರದೆಂಬುದು ನಿಮಗೂ ಗೊತ್ತು, ಸುಮ್ಮನೆ ಎದ್ದು ಬನ್ನಿ.

ಹೋಗಲಾಗದವರು ಕಾಗದ ಬರೆಯಲಿ, ಕೈಬರಹದಲ್ಲಿ, ಒಂದೇ ಪುಟ. ಮಾದರಿ ಬೇಕೆಂದರೆ ಇದು: ‘ನಿಮ್ಮ ತಂದೆಯವರನ್ನು ನಾನು ಹೆಚ್ಚು ಬಲ್ಲದ್ದು ರೇಡಿಯೊ ಮೂಲಕ. ಮಾತಿಗೆ ಮೊದಲು ಪುತ್ತೂರಿನ ಮಳೆ ಎಷ್ಟು ಮಿಲಿಮೀಟರ್ ಎಂದು ಹೇಳಿಯೇ ಮುಂದುವರಿಯುತ್ತಿದ್ದರು, ನಮ್ಮಲ್ಲಿ ಹಲವರು ಅದನ್ನು ಬರೆದುಕೊಳ್ಳುತ್ತಿದ್ದೆವು. ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಆಂಟೆನಾ ಇಳಿಸುವಾಗ ಜನ ಬೇಕಾದರೆ ಈ ನಂಬರಿಗೆ ಹೇಳಿ.’ ಇದರಲ್ಲಿ ಕೆಲಸ ಮಾಡುವುದು ಮಳೆಯ ಸಾಲು, ನಿಮ್ಮದರಲ್ಲಿ ನಿಮಗೆ ಗೊತ್ತಿರುವ ಅಂಥದ್ದೊಂದು ಸಾಲು ಇರಲಿ. ‘ಏನು ಸಹಾಯ ಬೇಕಾದರೂ ಕೇಳಿ’ ಎಂದರೆ ಯಾರೂ ಕೇಳುವುದಿಲ್ಲ, ‘ಆಂಟೆನಾ ಇಳಿಸಲು’ ಎಂದರೆ ಕೇಳುತ್ತಾರೆ.

ಮಗಳ ಪ್ರಶ್ನೆ: ಕೋಣೆಯ ಸಾಮಾನು

ಇದಕ್ಕೆ ಇನ್ನೂ ಉತ್ತರ ಹೋಗಿಲ್ಲ ಎಂದಿರಿ, ಇವತ್ತೇ ಕಳಿಸಿ. ಏಕೆಂದರೆ ಒಂದು ಅಪಾಯ ಕಾಯುವಂಥದ್ದಲ್ಲ. ಮಾವಿನ ಮಳೆಯಿಂದ ಮುಂಗಾರು ಹಿಡಿಯುವವರೆಗೆ, ಮತ್ತೆ ಹಿಂಗಾರಿನಲ್ಲಿ, ಆ ಭಾಗದಲ್ಲಿ ಸಿಡಿಲು ಜಾಸ್ತಿ. ದಿನಾ ಸಂಜೆ ಕೋಆಕ್ಸ್, ಅಂದರೆ ಆಂಟೆನಾದಿಂದ ಬರುವ ಕೇಬಲ್, ಕಳಚಿ ಕಿಟಕಿಯಾಚೆ ಹಾಕುತ್ತಿದ್ದವರು ಅವರೊಬ್ಬರೇ. ಈಗ ತಂತಿ ಮೇಲಿದೆ, ಕೇಬಲ್ ರಿಗ್‌ಗೆ ಸಿಕ್ಕಿಕೊಂಡಿದೆ, ರಿಗ್ ಮನೆಯ ಕರೆಂಟಿಗೆ ಸಿಕ್ಕಿಕೊಂಡಿದೆ. ವೀಡಿಯೊ ಕರೆ ಮಾಡಿ, ಆಕಾಶ ಶುಭ್ರವಾಗಿರುವ ಬೆಳಿಗ್ಗೆ, ಮಗಳ ಕೈಯಲ್ಲೇ ಬಿಚ್ಚಿಸಬಹುದು. ಗುಡುಗು ಕೇಳಿಸುತ್ತಿದ್ದರೆ ಆ ದಿನ ಮುಟ್ಟಿಸಬೇಡಿ.

ಮೊದಲು ಗೋಡೆಯ ಸ್ವಿಚ್ ಆಫ್, ಪ್ಲಗ್ ಕಿತ್ತು ಹೊರಗೆ. ಆಮೇಲೆ ರಿಗ್‌ನ ಬೆನ್ನಿಗೆ ಬನ್ನಿ. ಬೆರಳಿನಷ್ಟು ದಪ್ಪದ ಕಪ್ಪು ಕೇಬಲ್ಲಿನ ತುದಿಯಲ್ಲಿ ಹೊಳೆಯುವ ಲೋಹದ ಬಳೆ ಇರುತ್ತದೆ, ಅದರ ಮೈ ಗರಗಸದಂತೆ ತರಿತರಿ. ಕೇಬಲ್ ಎಳೆಯಬಾರದು. ಬಳೆಯನ್ನು ಮಾತ್ರ ಗಡಿಯಾರಕ್ಕೆ ವಿರುದ್ಧವಾಗಿ ನಾಲ್ಕೈದು ಸುತ್ತು ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಎಷ್ಟೋ ವರ್ಷ ತಿರುಗಿಸದೆ ಬಿಗಿದುಕೊಂಡಿದ್ದರೆ ಒಣಬಟ್ಟೆ ಸುತ್ತಿ ಹಿಡಿಯಲಿ, ಇಕ್ಕಳ ಹಾಕಿದರೆ ಸಾಕೆಟ್ಟೇ ಒಳಗೆ ತಿರುಗಿ ತಂತಿ ಕಿತ್ತುಬರುತ್ತದೆ. ಬಿಚ್ಚಿದ ತುದಿ ಕೋಣೆಯೊಳಗೆ ನೆಲದ ಮೇಲೆ ಬೇಡ, ಕಿಟಕಿಯಾಚೆ ಹೋಗಲಿ. ಆಂಟೆನಾ ತಿರುಗಿಸುವ ರೋಟೇಟರ್ ಇದ್ದರೆ ಅದರ ಬಹುಎಳೆಯ ತಂತಿಯನ್ನೂ ಬಿಚ್ಚಬೇಕು, ಇದನ್ನು ಮರೆಯುವವರೇ ಹೆಚ್ಚು.

ಬ್ಯಾಟರಿ ಇದ್ದರೆ ಮೈನಸ್ ತಂತಿ ಮೊದಲು ಬಿಚ್ಚಬೇಕು. ರಿಗ್‌ಗಳ ಲೋಹದ ಮೈ ಮೈನಸ್‌ಗೇ ಸೇರಿರುತ್ತದೆ, ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಲೋಹಕ್ಕೆ ತಾಗಿದರೆ ಕಿಡಿ ಹಾರುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಹಾಗೇ ಬಿಟ್ಟರೆ ತಾನಾಗಿ ಇಳಿದು ಕೆಲವೇ ತಿಂಗಳಲ್ಲಿ ಕೆಡುತ್ತದೆ, ಅದು ಮೊದಲು ಹೋಗಬೇಕಾದ ಸಾಮಾನು. ರಿಮೋಟ್, ಮೀಟರ್, ಟಾರ್ಚ್‌ಗಳ ಸಣ್ಣ ಸೆಲ್‌ಗಳನ್ನೂ ತೆಗೆಸಿ, ಮಳೆಗಾಲ ದಾಟಿದರೆ ಸೋರಿ ಹಸಿರು ಹಿಡಿಯುತ್ತವೆ.

ಭಾರವಾದ, ಮೇಲೆ ಜಾಲರಿ ಇರುವ ದೊಡ್ಡ ಪೆಟ್ಟಿಗೆ ಕಂಡರೆ ಅದು ಪ್ರಸಾರದ ಶಕ್ತಿ ಹೆಚ್ಚಿಸುವ ವಾಲ್ವಿನ ಲೀನಿಯರ್ ಆಂಪ್ಲಿಫೈಯರ್ ಇರಬಹುದು. ಅದರೊಳಗೆ 2000ದಿಂದ 3000 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತರೂ ಕೆಪಾಸಿಟರ್‌ಗಳು ಆ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಇಳಿಸಬೇಕಾದ ಬ್ಲೀಡರ್ ರೆಸಿಸ್ಟರ್ ಹಳತಾಗಿ ತುಂಡಾಗಿದ್ದರೆ ತುಂಬ ಹೊತ್ತು ಉಳಿಯುತ್ತದೆ. ಧೂಳು ಒರೆಸಲೆಂದು ಮುಚ್ಚಳ ತೆಗೆದರೆ ಪ್ರಾಣಕ್ಕೆ ಬರುತ್ತದೆ. ಒಂದು ಹಾಳೆಯಲ್ಲಿ ‘ತೆರೆಯಬೇಡಿ’ ಎಂದು ಬರೆದು ಅಂಟಿಸಿಬಿಡಲಿ.

ಮೊದಲ ತಿಂಗಳು ಇಷ್ಟೇ. ಮತ್ತೊಂದು ಎಚ್ಚರಿಕೆ ಇದೆ, ಗುಜರಿಯವರನ್ನೂ, ‘ನಾನು ನೋಡಿಕೊಳ್ಳುತ್ತೇನೆ’ ಎಂದು ಕಾರು ತಂದು ನಿಲ್ಲಿಸುವ ಹ್ಯಾಮ್‌ಗಳನ್ನೂ ಒಂದೇ ದೂರದಲ್ಲಿ ಇಡಲು ಹೇಳಿ. ಎರಡನೆಯವರು ನಮ್ಮವರೇ, ಆದರೂ ಹೇಳದೆ ವಿಧಿಯಿಲ್ಲ.

ಉತ್ತರಕ್ರಿಯೆ ಮುಗಿದು ಮನೆ ಒಂದು ಹದಕ್ಕೆ ಬಂದ ಮೇಲೆ ಪಟ್ಟಿ ಮಾಡಿ. ಪ್ರತಿ ಸಾಮಾನಿಗೂ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಮುಂದಿನ ಹಿಂದಿನ ಒಂದೊಂದು ಫೋಟೊ, ಬಿಲ್ ಇದ್ದರೆ ಅದೂ. ಬೆಲೆಯನ್ನು ಇಬ್ಬರು ಬೇರೆ ಬೇರೆಯಾಗಿ ಬರೆದುಕೊಡಲಿ. ಬೆಲೆ ಕಟ್ಟಿದವರು ಕೊಳ್ಳುವಂತಿಲ್ಲ, ಈ ಒಂದು ಕಟ್ಟುಪಾಡು ಇದ್ದರೆ ಮುಕ್ಕಾಲು ಮನಸ್ತಾಪ ಹುಟ್ಟುವುದೇ ಇಲ್ಲ. ಟ್ರಾನ್ಸ್‌ಮಿಟ್ ಮಾಡಬಲ್ಲ ಯಾವುದನ್ನೂ ಪರವಾನಗಿ ಇಲ್ಲದವರ ಕೈಗೆ ಕೊಡುವಂತಿಲ್ಲ, 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕು. ಹಾಗಾಗಿ ಮರಣ ಪ್ರಮಾಣಪತ್ರದ ಪ್ರತಿ, ಪರವಾನಗಿಯ ಪ್ರತಿ ಸೇರಿಸಿ, ಉಪಕರಣಗಳನ್ನು ಪರವಾನಗಿ ಇರುವ ಹ್ಯಾಮ್‌ಗಳಿಗೆ ವಹಿಸುತ್ತಿದ್ದೇವೆ ಎಂದು ಪರವಾನಗಿ ಕೊಟ್ಟ ದೆಹಲಿಯ ಡಬ್ಲ್ಯುಪಿಸಿ ಕಚೇರಿಗೆ ಮನೆಯವರ ಸಹಿಯಲ್ಲಿ ಒಂದು ಪತ್ರ ಹೋಗಲಿ, ಪ್ರತಿ ಮನೆಯಲ್ಲಿರಲಿ. ಮಾರಾಟವೋ ದಾನವೋ, ಪಡೆದವರ ಕಾಲ್‌ಸೈನ್, ಪರವಾನಗಿ ಸಂಖ್ಯೆ, ಸೀರಿಯಲ್ ನಂಬರ್, ತಾರೀಖು ಬರೆದ ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಬೇಕು. ನಾಳೆ ಆ ರಿಗ್ ಎಲ್ಲೋ ತಪ್ಪು ಕೈಯಲ್ಲಿ ಸಿಕ್ಕರೆ ಪೊಲೀಸರು ಬರುವುದು ಈ ಮನೆಗೆ.

ಹೆಸರಿಲ್ಲದ ಡಬ್ಬಿಗಳ ಬಗ್ಗೆ ಜಾಗ್ರತೆ. ಹೈದರಾಬಾದಿನ ಅಶರ್ ಫರ್ಹಾನ್ ವಿನ್ಯಾಸದ ಬಿಟ್‌ಎಕ್ಸ್‌ನಂಥ ಟ್ರಾನ್ಸಿವರನ್ನು, ಅಂದರೆ ಕಳಿಸುವ-ಕೇಳುವ ಸೆಟ್ಟನ್ನು, ನಮ್ಮಲ್ಲಿ ಎಷ್ಟೋ ಜನ ಕೈಯಾರೆ ಕಟ್ಟಿದ್ದಾರೆ. ಬಿಸ್ಕತ್ತಿನ ಡಬ್ಬದಲ್ಲೋ ಸ್ಟೀಲ್ ಟಿಫಿನ್ ಕ್ಯಾರಿಯರಿನಲ್ಲೋ ಕೂತಿರುತ್ತದೆ. ಮನೆಯವರ ಕಣ್ಣಿಗೆ ಕಸ. ಅದರ ಜತೆಗಿನ ನೋಟ್‌ಬುಕ್ ಇಲ್ಲದೆ ಬೇರೆಯವರಿಗೂ ಕಸವೇ, ಆದ್ದರಿಂದ ಎರಡನ್ನೂ ಒಟ್ಟಿಗೆ ಕಟ್ಟಿಡಿ. ಇನ್ನು ಮೋರ್ಸ್ ಕೀಲಿ, ಕೈತಾಗಿ ಸವೆದ ಮೈಕು, ಇವೆರಡನ್ನು ಪಟ್ಟಿಗೇ ಸೇರಿಸಬೇಡಿ. ಮಾರಿದರೆ ಬರುವುದು ಹೆಚ್ಚೇನಲ್ಲ, ಮನೆಯ ಕಪಾಟಿನಲ್ಲಿ ಅವು ಇರಬೇಕು. ಮನೆಯವರು ಕೇಳುವ ಮೊದಲೇ ಇದನ್ನು ಅವರಿಗೆ ಹೇಳುವುದು ನಿಮ್ಮ ಕೆಲಸ.

ಆಂಟೆನಾ ಇಳಿಸುವುದು ಒಂದು ಭಾನುವಾರದ ಕೆಲಸ. 40 ಮೀಟರ್ ಡೈಪೋಲ್ ಒಟ್ಟು 20 ಮೀಟರ್ ತಂತಿ, ಅದು ಸುಲಭ. ಅಂಗಳದ ಪೈಪ್ ಮಾಸ್ಟ್‌ಗೆ ಐದು ಜನ ಬೇಕು. ಮಾಸ್ಟಿನ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ವಿದ್ಯುತ್ ತಂತಿ ಇದ್ದರೆ ಮೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸದೆ ಮುಟ್ಟಬೇಡಿ. ಬಿಗಿಹಗ್ಗಗಳನ್ನೆಲ್ಲ ಒಟ್ಟಿಗೆ ಬಿಚ್ಚುವುದು ದೊಡ್ಡ ತಪ್ಪು. ಪಕ್ಕದವು ಬಿಗಿಯಾಗಿಯೇ ಇರಲಿ, ಬೀಳಿಸುವ ದಿಕ್ಕಿಗೆ ಎದುರಿನದನ್ನು ಮಾತ್ರ ಸಡಿಲಿಸುತ್ತ ಬನ್ನಿ. ಹಗ್ಗದ ಮೇಲೆ ಹೆಚ್ಚು ಎಳೆತ ಬೀಳುವುದು ಮಾಸ್ಟ್ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ, ‘ಆಯಿತು ಬಿಡಿ’ ಎಂದು ಕೈ ಸಡಿಲಿಸುವುದೂ ಆಗಲೇ. ಅದಕ್ಕೇ ಹಗ್ಗವನ್ನು ತೆಂಗಿನ ಮರದ ಬುಡಕ್ಕೆ ಎರಡು ಸುತ್ತು ಹಾಕಿ ಬಿಡುತ್ತ ಬರಬೇಕು. ಪೈಪಿನ ಬಾಯಲ್ಲಿ ಕಡಜದ ಗೂಡು ಇದೆಯೇ ಎಂದು ಮೊದಲೇ ನೋಡಿ, ಹಗ್ಗ ಕೈಯಲ್ಲಿರುವಾಗ ಗೊತ್ತಾದರೆ ಕಷ್ಟ. ಕೋಆಕ್ಸಿನ ತುದಿ ಎರಡಂಗುಲ ಸುಲಿದು ನೋಡಿ. ಒಳಗಿನ ತಾಮ್ರದ ಜಾಲರಿ ಕಪ್ಪಾಗಿದ್ದರೆ ನೀರು ಇಳಿದಿದೆ, ಅದಕ್ಕೆ ಬೆಲೆ ಕಟ್ಟಬೇಡಿ.

ಲಾಗ್, ಕಾರ್ಡು, ದನಿ

ಕಂಪ್ಯೂಟರನ್ನು ‘ಕ್ಲೀನ್’ ಮಾಡಿ ಮಕ್ಕಳಿಗೆ ಕೊಡುವ ಮುಂಚೆ ಯಾರ ಜತೆ ಯಾವಾಗ ಮಾತಾಡಿದರು ಎಂದು ಬರೆದಿಟ್ಟ ಲಾಗ್ ಫೈಲನ್ನು ಹ್ಯಾಮ್ ಲಾಗ್‌ಗಳ ಸಾಮಾನ್ಯ ಫೈಲ್ ಬಗೆಯಾದ ಎಡಿಐಎಫ್ ರೂಪದಲ್ಲಿ ಎರಡು ಪೆನ್‌ಡ್ರೈವ್‌ಗೆ ಹಾಕಿಸಿ. ದೂರದ ಯಾರಿಗೋ ಅವರಿಂದ ಬರಬೇಕಾದ ದೃಢೀಕರಣ ಬಾಕಿ ಇರುತ್ತದೆ. ಮನೆಯವರು ಒಪ್ಪಿದರೆ ಒಬ್ಬ ಹ್ಯಾಮ್ ಅವರ ಪರವಾಗಿ ಕ್ಯೂಎಸ್‌ಎಲ್ ಮ್ಯಾನೇಜರ್ ಆಗಿ ಆ ಲಾಗ್ ನೋಡಿ ಕಾರ್ಡು ಕಳಿಸಬಹುದು. ಚಪ್ಪಲಿ ಡಬ್ಬದಲ್ಲಿರುವ ಹಳೆ ಕಾರ್ಡುಗಳನ್ನು ಮನೆಯವರು ಇಟ್ಟುಕೊಳ್ಳದಿದ್ದರೆ ಕ್ಲಬ್ಬಿಗೆ ಕೊಡಲಿ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಇಂಥ ಕಾರ್ಡುಗಳನ್ನೇ ಕೂಡಿಡುವ ದಾಖಲೆ ಭಂಡಾರವೊಂದಿದೆ, ತೀರಾ ಹಳೆಯ, ಅಪರೂಪದ ಕಾರ್ಡುಗಳಿದ್ದರೆ ಅಲ್ಲಿಗೂ ಬರೆದು ಕೇಳಬಹುದು.

ನಿಮ್ಮ ಫೋನಿನಲ್ಲಿರುವ ಅವರ ವಾಯ್ಸ್ ಮೆಸೇಜ್‌ಗಳನ್ನು ಇವತ್ತೇ ಹೊರಗೆ ತೆಗೆಯಿರಿ. ಒಂದೊಂದನ್ನೂ ಒತ್ತಿ ಹಿಡಿದು, ಹಂಚಿಕೊಳ್ಳುವ ಗುರುತು ಒತ್ತಿ, ನಿಮ್ಮದೇ ಇಮೇಲಿಗೋ ಡ್ರೈವ್‌ಗೋ ಕಳಿಸಿದರೆ ‘ಓಪಸ್’ ಫೈಲಾಗಿ ಉಳಿಯುತ್ತದೆ. ಫೋನ್ ಬದಲಾಯಿಸುವಾಗ, ಜಾಗ ಸಾಲದೆ ಅಳಿಸುವಾಗ ಮೊದಲು ಹೋಗುವುದೇ ಇವು. ಮಗಳಿಗೂ ಒಂದು ಪ್ರತಿ ಕೊಡಿ, ಆದರೆ ಕೇಳಿ ಕೊಡಿ. ಕೆಲವರಿಗೆ ಆ ದನಿ ಮೊದಲ ವಾರವೇ ಬೇಕು, ಕೆಲವರಿಗೆ ವರ್ಷ ಕಳೆದರೂ ಆಗದು.

ಏಳೂವರೆ ಗಂಟೆ

ಬೆಳಿಗ್ಗೆ ಆ ಹೊತ್ತಿಗೆ ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೆ ನಿಜವಾದ ಕಷ್ಟ ಅಲ್ಲೇ. ಹನ್ನೊಂದು ವರ್ಷ ಕಾಫಿ ಲೋಟದ ಜತೆ ಕಿವಿ ಆ ದನಿಗೆ ಕಾದು ಕೂರುವುದನ್ನು ಕಲಿತಿದೆ, ಅದು ಒಂದು ವಾರದಲ್ಲಿ ಮರೆಯದು. ರಿಗ್ ಹಾಕದೆ ಇರಬೇಡಿ. ಹಾಕಿ, ಬರೀ ಕೇಳಿ. ಮಾತಾಡಬೇಕೆನಿಸಿದ ದಿನ ಮಾತಾಡಿ. ರೋಲ್ ಕಾಲ್‌ನಲ್ಲಿ ದಿನವೂ ಅವರ ಕಾಲ್‌ಸೈನ್ ಕರೆದು ‘ಸೈಲೆಂಟ್ ಕೀ’ ಎನ್ನುವ ಪದ್ಧತಿ ಶುರು ಮಾಡೋಣ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಕೊನೆಯ ಕರೆ ಒಂದು ಸಲವೇ ಆಗಬೇಕು, ದಿನಾ ಆದರೆ ಹಾಜರಿ ಆಗುತ್ತದೆ. ವರ್ಷಕ್ಕೊಮ್ಮೆ ಅವರು ಹೋದ ದಿನ ನೆನೆದರೆ ಸಾಕು.

ಎರಡು ಮೂರು ತಿಂಗಳಾದರೂ ನಿದ್ದೆ, ಊಟ, ಕೆಲಸ ಯಾವುದೂ ಹಳಿಗೆ ಬಾರದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ‘ರೇಡಿಯೊ ಗೆಳೆಯ’ ಎಂದರೆ ನಗುತ್ತಾರೇನೋ ಎಂಬ ಅಳುಕು ಬೇಡ.

ಕೊನೆಯದಾಗಿ ಗುಂಪಿನವರಿಗೆ ಮೊದಲೇ ಹೇಳಿಡಬೇಕಾದ ಒಂದು ವಿಷಯ. ಬಳಸದೆ ಬಿಟ್ಟ ವಾಟ್ಸಾಪ್ ಖಾತೆ ಸುಮಾರು 120 ದಿನಕ್ಕೆ ತಾನಾಗಿ ಅಳಿಯುತ್ತದೆ. ಆಗ ಅವರ ಹೆಸರು ಗುಂಪಿನಿಂದ ಮಾಯವಾಗುತ್ತದೆ, ಗೊತ್ತಿಲ್ಲದವರಿಗೆ ಯಾರೋ ಅವರನ್ನು ತೆಗೆದುಹಾಕಿದರು ಎನಿಸಿ ಜಗಳವೇ ಆಗಬಹುದು. ಮೊಬೈಲ್ ನಂಬರೂ ಮೂರು ತಿಂಗಳು ಬಳಸದೆ ರೀಚಾರ್ಜ್ ಇಲ್ಲದೆ ಬಿಟ್ಟರೆ ನಿಂತುಹೋಗಿ, ಮುಂದೊಂದು ದಿನ ಬೇರೆಯವರಿಗೆ ಸಿಗುತ್ತದೆ. ಬ್ಯಾಂಕಿನ ಕೆಲಸಕ್ಕೆ ಹೇಗೂ ಬೇಕಾಗುವ ಸಿಮ್ ಅದು, ವರ್ಷದ ಮಟ್ಟಿಗೆ ರೀಚಾರ್ಜ್ ಮಾಡಿಸಿಡಲು ಮಗಳಿಗೆ ಹೇಳಿ. ನಿಮ್ಮ ಫೋನಿನಲ್ಲಿ ಅವರ ಹೆಸರಿನ ಮುಂದೆ ‘ಎಸ್‌ಕೆ’ ಸೇರಿಸಿ, ತಾರೀಖು ಹಾಕಿಡಿ. ಎಂದಾದರೂ ಆ ನಂಬರಿನ ಪಕ್ಕ ಯಾರೋ ಹುಡುಗನ ಫೋಟೊ ಕಂಡರೆ, ಕರೆ ಮಾಡಿ ಅವನನ್ನು ವಿಚಾರಿಸಲು ಹೋಗಬೇಡಿ.